ಅಡಿಕೆ ಚಪ್ಪರದಲ್ಲೊಂದು ಗಾಯದ ಲೆಕ್ಕ

ಮೊದಲ ವರ್ಷ ನಾನು ನಮ್ಮ ಅಡಿಕೆ ತೋಟದ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಬೀಗ ಹಾಕಿದ್ದೆ. ಒಳಗಿನ ಪ್ಲಾಸ್ಟರ್ ಪಟ್ಟಿಗಳು ವಾರ ಕಳೆಯುವುದರೊಳಗೆ ಖಾಲಿಯಾಗುತ್ತಿದ್ದವು, ಅದಕ್ಕೆ. ಅಡಿಕೆ ಬೇಯಿಸುತ್ತಿದ್ದ ಹುಡುಗನ ಪಾದದ ಮೇಲೆ ಕುದಿಯುವ ಚೊಗರು, ಅಂದರೆ ಅಡಿಕೆ ಬೆಂದ ನೀರು, ಚೆಲ್ಲಿದ ದಿನ ನಾನು ತೀರ್ಥಹಳ್ಳಿಯ ಮಂಡಿಯಲ್ಲಿದ್ದೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಬಂದು ನೋಡಿದರೆ ಸುಟ್ಟ ಜಾಗಕ್ಕೆ ಒಬ್ಬರು ಬೆಣ್ಣೆ ಮೆತ್ತಿದ್ದರು, ಅದರ ಮೇಲೆ ಇನ್ನೊಬ್ಬರು ಟೂತ್‌ಪೇಸ್ಟ್ ಬಳಿದಿದ್ದರು. ಆಸ್ಪತ್ರೆಯಲ್ಲಿ ಅದನ್ನೆಲ್ಲ ತೊಳೆದು ತೆಗೆಯುವಾಗ ಅವನು ಕೂಗಿದ್ದು ಹೊರಗಿನ ಬೆಂಚಿನವರೆಗೂ ಕೇಳಿತು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಹಂಡೆಯ ಹತ್ತಿರ ನಲ್ಲಿ ಇರಲಿಲ್ಲವೇ?" ಇತ್ತು. ಎರಡು ಮಾರು ದೂರದಲ್ಲೇ ಇತ್ತು. ಅದರ ಕೆಳಗೆ ಇಪ್ಪತ್ತು ನಿಮಿಷ ಕಾಲು ಹಿಡಿದು, ಆಮೇಲೆ ಶುದ್ಧ ಬಟ್ಟೆ ಹೊದಿಸಿ ಕರೆತಂದಿದ್ದರೆ ಸಾಕಿತ್ತು. ನಾನು ಬೀಗ ಹಾಕಿ ಕಾಪಾಡಿದ ಪೆಟ್ಟಿಗೆಯ ಅಗತ್ಯವೇ ಅಂದು ಬಿದ್ದಿರಲಿಲ್ಲ.

ನಮ್ಮದು ಸುಗ್ಗಿಯ ಕಾಲದಲ್ಲಿ ಮೂವತ್ತು ಜನ ದುಡಿಯುವ ಜಾಗ. ಕೊನೆ (ಅಡಿಕೆ ಗೊಂಚಲು) ಇಳಿಸುವವರು, ಹೊರುವವರು, ಸುಲಿಯುವ ಹೆಂಗಸರು, ಬೇಯಿಸುವ ಇಬ್ಬರು, ಒಣಗಿಸುವವರು. ನಾನು ಓದಿಕೊಂಡಿದ್ದ, 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ 150 ಕೆಲಸಗಾರರಿಗೆ ಕನಿಷ್ಠ ಒಂದು ಪೆಟ್ಟಿಗೆ ಎನ್ನುತ್ತಿತ್ತು. ಆ ಲೆಕ್ಕದಲ್ಲಿ ನಮಗೆ ಒಂದೇ ಧಾರಾಳ. ಆದರೆ ತೋಟ ಕೆಳಗೆ, ಚಪ್ಪರ ಮೇಲೆ, ಒಲೆ ಮನೆಯ ಹಿಂದೆ. ಹಾಗಾಗಿ ಮೂರು ಇಟ್ಟೆ, ಬೀಗ ತೆಗೆದೆ. ಅದೇ ಸೆಕ್ಷನ್ ಹೇಳುತ್ತಿದ್ದ ಇನ್ನೊಂದು ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಪೆಟ್ಟಿಗೆಗೆ ತರಬೇತಿ ಪಡೆದ ಒಬ್ಬ ಹೊಣೆಗಾರ ಇರಬೇಕು, ಕೆಲಸದ ಹೊತ್ತಿನಲ್ಲೆಲ್ಲ ಆತ ಕೈಗೆ ಸಿಗಬೇಕು. ಮಂಡಿಗೆ ಓಡಾಡುವ ನಾನು ಆ ಕೆಲಸಕ್ಕೆ ಯೋಗ್ಯನಲ್ಲ ಎಂಬುದು ಸಾಬೀತಾಗಿತ್ತಲ್ಲ. ಸುಲಿಯುವ ಗುಂಪಿನ ಹಿರಿಯ ಅಕ್ಕನನ್ನೂ ಬೇಯಿಸುವ ಹುಡುಗನನ್ನೂ ಒಪ್ಪಿಸಿದೆ. ಹೌದು, ಕಾಲು ಸುಟ್ಟುಕೊಂಡವನನ್ನೇ.

ಪೆಟ್ಟಿಗೆಯೊಳಗೆ ಏನಿರಬೇಕು ಎಂಬುದಕ್ಕೆ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಮಲೆನಾಡಿನ ಮಳೆಯಲ್ಲಿ ಅದು ಹೇಗೆ ಉಳಿಯಬೇಕು ಎಂದು ಯಾವ ಪಟ್ಟಿಯೂ ಹೇಳುವುದಿಲ್ಲ. ಆಷಾಢ ಮುಗಿಯುವಷ್ಟರಲ್ಲಿ ಹತ್ತಿಗೆ ಬೂಷ್ಟು, ಟೇಪಿನ ಅಂಟು ಕರಗಿ ಸುರುಳಿಯೆಲ್ಲ ಒಂದೇ ಗಟ್ಟಿ, ಕತ್ತರಿಗೆ ತುಕ್ಕು. ಈಗ ಎಲ್ಲವೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿವೆ. ಪ್ರತಿ ಅಮಾವಾಸ್ಯೆಗೆ ತೆರೆದು ನೋಡುತ್ತೇವೆ. ತಾರೀಖನ್ನು ನಾನು ಮರೆಯುತ್ತೇನೆ, ಅಮಾವಾಸ್ಯೆಯನ್ನು ಮರೆಯಲು ನಮ್ಮ ಅಮ್ಮ ಬಿಡುವುದಿಲ್ಲ.

ನಿಜವಾದ ಕೆಲಸ ಶುರುವಾದದ್ದು ಒಂದು ನೂರು ಪುಟದ ನೋಟ್‌ಬುಕ್ಕಿನಿಂದ. ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ, ಏನಾಯಿತು: ನಾಲ್ಕೇ ಕಲಮು. ಮೊದಲ ತಿಂಗಳು ಎರಡೇ ಎರಡು ಗಾಯ ದಾಖಲಾದವು. ನಾನು ಹಿಗ್ಗಿದೆ. ಆಮೇಲೊಂದು ಸಂಜೆ ಅಕ್ಕನ ಬಲಗೈ ಹೆಬ್ಬೆರಳಿಗೆ ಸುತ್ತಿದ್ದ ಸೀರೆಯ ಚೂರು ಅಡಿಕೆಯ ಕಂದು ಬಣ್ಣದ ನಡುವೆ ಬೇರೆಯದೇ ಕಂದಾಗಿ ಕಂಡಿತು. ಯಾವಾಗ ಆದದ್ದು ಎಂದು ಕೇಳಿದೆ. "ನಿನ್ನೆಯೋ ಮೊನ್ನೆಯೋ. ಸುಲಿದ ಅಡಿಕೆಯ ಡಬ್ಬಕ್ಕಿಷ್ಟು ಎಂದು ಕೂಲಿ ಪಡೆಯುವವರು ನಾವು ಅಯ್ಯಾ. ನಿಮ್ಮ ಪುಸ್ತಕ ಬರೆಸುತ್ತ ಕೂತರೆ ಡಬ್ಬ ತುಂಬುತ್ತದೆಯೇ?"

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಮರುದಿನದಿಂದ ಗಾಯ ಬರೆಸಿದವರಿಗೆ ಒಂದು ಡಬ್ಬದ ಕೂಲಿ ಸೇರಿಸಿ ಕೊಡುವುದು, ಆಸ್ಪತ್ರೆಗೆ ಹೋದರೆ ಆ ದಿನದ ಪೂರ್ತಿ ಕೂಲಿ ಎಂದು ಗೊತ್ತು ಮಾಡಿದೆ. ಸುಳ್ಳು ಗಾಯ ಬರೆಸುತ್ತಾರೆ ಎಂದು ನೆರೆಯ ತೋಟದವರು ನಕ್ಕರು. ಒಂದೆರಡು ಬಂದಿರಬಹುದು. ಅದಕ್ಕಿಂತ ಹೆಚ್ಚು ದುಡ್ಡನ್ನು ನಾನು ಹಿಂದಿನ ವರ್ಷ ಚಹಾದ ಲೆಕ್ಕ ತಪ್ಪಿಯೇ ಕಳೆದುಕೊಂಡಿದ್ದೆ.

ಪುಸ್ತಕ ತುಂಬತೊಡಗಿತು. ಮೆಟ್ಟುಗತ್ತಿಯ (ಅಡಿಕೆ ಸುಲಿಯುವ, ಮಣೆಗೆ ಕೂರಿಸಿದ ಕತ್ತಿ) ಗಾಯಗಳೇ ಹೆಚ್ಚು, ಅದರಲ್ಲಿ ಮುಕ್ಕಾಲು ಪಾಲು ರಾತ್ರಿ ಊಟದ ನಂತರದವು. ನಿದ್ದೆ ಎಂದುಕೊಂಡೆ. ಒಂದು ರಾತ್ರಿ ನಾನೇ ಮಣೆಯ ಮೇಲೆ ಕೂತು ಸುಲಿದಾಗ ತಿಳಿಯಿತು. ಚಪ್ಪರದ ನಡುವೆ ಇದ್ದದ್ದು ಒಂದೇ ಬಲ್ಬು. ಗೋಡೆಯ ಕಡೆಗೆ ಮುಖ ಮಾಡಿ ಕೂತವರ ನೆರಳು ಅವರ ಕತ್ತಿಯ ಮೇಲೆಯೇ ಬೀಳುತ್ತಿತ್ತು. ನಾಲ್ಕು ಎಲ್‌ಇಡಿ ಟ್ಯೂಬ್ ಹಾಕಿಸಿದೆ. ಆ ಸಾಲಿನ ಗಾಯಗಳು ಅರ್ಧಕ್ಕಿಂತ ಕೆಳಗಿಳಿದವು. ಸುಲಿಯುವ ಯಂತ್ರದ ಬೆಲ್ಟಿಗೆ ತಗಡಿನ ಮುಚ್ಚಿಗೆ ಮಾಡಿಸಿದ್ದು, ಸೆರಗು ಸಿಕ್ಕದಂತೆ ಮೇಲಂಗಿ ಹೊಲಿಸಿದ್ದು ಪುಸ್ತಕ ನೋಡಿದ ಮೇಲೆಯೇ.

ಹಾವಿನ ವಿಷಯಕ್ಕೆ ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿಯೊಬ್ಬರು ಬಂದು ಒಂದು ಮಧ್ಯಾಹ್ನ ಕಲಿಸಿದರು. ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಹೀರಬಾರದು, ನಾಟಿ ಮದ್ದಿಗೆ ಹೊತ್ತು ಕಳೆಯಬಾರದು. ಬಾವು ಏರುವ ಮೊದಲು ಉಂಗುರ, ಬಳೆ, ಕಾಲುಂಗುರ ತೆಗೆಯಬೇಕು. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈಕಾಲು ಅಲುಗದಂತೆ ಕಟ್ಟಿ ಹೊತ್ತೊಯ್ಯಬೇಕು. ಕಟ್ಟುವುದಕ್ಕೆ ಏನು ಎಂದು ಯಾರೋ ಕೇಳಿದಾಗ ಅವರು ಮೂಲೆಯಲ್ಲಿ ಬಿದ್ದಿದ್ದ ಅಡಿಕೆ ಹಾಳೆಯನ್ನು ಎತ್ತಿ ತಮ್ಮ ಮೊಣಕಾಲಿಗೆ ಸುತ್ತಿ ತೋರಿಸಿದರು. ದೋಣಿಯಂತೆ ಬಾಗಿ ಕಾಲನ್ನು ಅಪ್ಪಿಕೊಂಡಿತು. ಪ್ರತಿ ಪೆಟ್ಟಿಗೆಯ ಪಕ್ಕದಲ್ಲಿ ಈಗ ಎರಡು ಒಣ ಹಾಳೆ ತೂಗುಹಾಕಿವೆ.

ಹೊತ್ತೊಯ್ಯುವುದು ಎಲ್ಲಿಗೆ? 108ಕ್ಕೆ ಕರೆ ಮಾಡಲು ನಮ್ಮ ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಒಂದು ಬೆಳಿಗ್ಗೆ ಹುಡುಗನೊಬ್ಬನನ್ನು ತೋಟದ ತಳದಲ್ಲಿ ಮಲಗಿಸಿ ಗಡಿಯಾರ ಹಿಡಿದು ಅಭ್ಯಾಸ ಮಾಡಿದೆವು. ರಸ್ತೆಗೆ ತರಲು ಹದಿನೇಳು ನಿಮಿಷ, ಸಿಗ್ನಲ್ ಸಿಗುವ ತಿರುವಿಗೆ ಬೈಕಿನಲ್ಲಿ ಆರು. ನಮ್ಮ ಜೀಪಿನ ಕೀಲಿ ಹುಡುಕಲು ಒಂಬತ್ತು! ಕೀಲಿಗೆ ಚಪ್ಪರದ ಕಂಬದಲ್ಲಿ ಮೊಳೆ ಹೊಡೆದೆ.

ಆಷಾಢದ ಔಷಧಿ ಹೊಡೆಯುವ ಕೆಲಸಕ್ಕೆ ಕನ್ನಡಕ ತಂದುಕೊಟ್ಟೆ. ಆವಿ ಕಟ್ಟುತ್ತದೆಂದು ಹಣೆಯ ಮೇಲೇ ಉಳಿಯಿತು. ಮೈಲುತುತ್ತ, ಸುಣ್ಣ ಕಣ್ಣಿಗೆ ಬಿದ್ದರೆ ತೊಳೆಯಲು ಮಿಶ್ರಣದ ಡ್ರಮ್ಮಿನ ಪಕ್ಕ ಶುದ್ಧ ನೀರಿನ ಕೊಡ ಇಡಿಸಿದ್ದೊಂದೇ ಗೆಲುವು.

ಮಂಗನ ಕಾಯಿಲೆಯನ್ನು ಕೆಲಸದ ಕಾಯಿಲೆ ಎಂದು ನಾನೂ ಎಣಿಸಿರಲಿಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಅದು. ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ನಮ್ಮವರು ಸೊಪ್ಪಿನ ಬೆಟ್ಟದಲ್ಲಿ ದರಗು (ಒಣಗಿದ ಎಲೆ) ಗುಡಿಸುವುದೂ ಆಗಲೇ, ಕಚ್ಚಿ ರೋಗ ಹರಡುವ ಉಣುಗು (ಉಣ್ಣೆ ಹುಳು) ಇರುವುದೂ ಆ ದರಗಿನಲ್ಲೇ. ನಾನು ಕಳಿಸಿದ ಕೆಲಸಕ್ಕೆ ಹೋಗಿ ಕಚ್ಚಿಸಿಕೊಂಡರೆ ಅದು ಅವರವರ ಹಣೆಬರಹ ಎನ್ನಲು ಬರುವುದಿಲ್ಲ. ಉಣುಗನ್ನು ದೂರವಿಡುವ, ಆರೋಗ್ಯ ಇಲಾಖೆಯ ಡೆಪಾ ಎಣ್ಣೆ ಹಚ್ಚಿಯೇ ಬೆಟ್ಟ ಹತ್ತುವುದು, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಬಕೆಟ್ಟಿಗೆ. ಸ್ನಾನದ ಹೊತ್ತೂ ಕೂಲಿಯ ಹೊತ್ತೇ. ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗದೆ ನೇರ ರಕ್ತ ಪರೀಕ್ಷೆಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸುವುದು.

ಸೋತದ್ದೂ ಇದೆ. ಕೊನೆ ತೆಗೆಯುವ ಹಿರಿಯರು ಸೊಂಟದ ಪಟ್ಟಿ ಕಟ್ಟಲು ಇಂದಿಗೂ ಒಪ್ಪಿಲ್ಲ. ಅವರ ಮಗ ಮರ ಹತ್ತುವುದೇ ಇಲ್ಲ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ತಂದಿದ್ದಾನೆ. ಆ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ತಂತಿಗೆ ದೋಟಿ ನಿಲುಕುವ ಹನ್ನೊಂದು ಮರಗಳಿಗೆ ಎದೆಯೆತ್ತರದಲ್ಲಿ ಕೆಂಪು ಬಣ್ಣ ಬಳಿದಿದ್ದೇನೆ. ಆ ಮರಗಳ ಕೊನೆಯನ್ನು ಲೈನ್ ಆಫ್ ಮಾಡಿಸದೆ ಇಳಿಸುವುದಿಲ್ಲ. ಕಳೆದ ವರ್ಷ ಅದಕ್ಕೆ ಕಾದು ಎರಡು ಕೊನೆ ಹಣ್ಣಾಗಿ ಉದುರಿದವು.