ಸತ್ತ ತಂತಿ, ತಿರುಗದ ಸೆಂಟರ್: ‘ಡೆಡ್’ ಎಂಬ ಪದವನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಿಗೆ ಕೆಲಸಗಾರರನ್ನು ತಯಾರು ಮಾಡುವ ಒಂದು ಐಟಿಐಯಲ್ಲಿ ನಾನು ಪಾಠ ಹೇಳುತ್ತೇನೆ. ಬೈಲಹೊಂಗಲ, ಸವದತ್ತಿ, ಹುಕ್ಕೇರಿ ಕಡೆಯಿಂದ ಬರುವ ಹುಡುಗರಲ್ಲಿ ಬಹುಪಾಲು ಜನ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು. ಯಂತ್ರಗಳ ಕೈಪಿಡಿಗಳು ಮಾತ್ರ ಇಂಗ್ಲಿಷಿನಲ್ಲಿರುತ್ತವೆ. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯತೊಡಗಿದಾಗ ನನ್ನನ್ನು ಹೆಚ್ಚು ಕಾಡಿದ್ದು ಯಾವ ದೊಡ್ಡ ಪಾರಿಭಾಷಿಕ ಪದವೂ ಅಲ್ಲ, ‘ಡೆಡ್’ ಎಂಬ ಸಣ್ಣ ಪದ.

ಮೊದಲ ವರ್ಷ ನಿಘಂಟು ನೋಡಿ ‘ನಿರ್ಜೀವ’ ಎಂಬ ಒಂದೇ ಪದವನ್ನು ಎಲ್ಲ ಕಡೆಗೂ ಹಾಕಿದೆ. ಲೋಹದ ತುಂಡನ್ನು ತಿರುಗಿಸಿ ಕೆತ್ತುವ ಲೇತ್ ಯಂತ್ರದ ಡೆಡ್ ಸೆಂಟರ್ ‘ನಿರ್ಜೀವ ಕೇಂದ್ರ’ವಾಯಿತು, ಡೆಡ್ ಸ್ಮೂತ್ ಫೈಲ್ ‘ನಿರ್ಜೀವ ನುಣುಪಿನ ಅರ’ವಾಯಿತು, ಡೆಡ್ ಮೈಲ್ಡ್ ಸ್ಟೀಲ್ ‘ನಿರ್ಜೀವ ಮೃದು ಉಕ್ಕು’ ಆಯಿತು. ಹುಡುಗರು ಪರೀಕ್ಷೆಯಲ್ಲಿ ಇವನ್ನು ತಪ್ಪಿಲ್ಲದೆ ಬರೆದರು. ಆದರೆ ಲೇತಿನ ಮುಂದೆ ನಿಂತಾಗ ಸೆಂಟರಿಗೆ ಗ್ರೀಸ್ ಹಚ್ಚುವುದನ್ನು ಮರೆತರು. ಡೆಡ್ ಸೆಂಟರ್ ಎಂದರೆ ಟೇಲ್‌ಸ್ಟಾಕಿನಲ್ಲಿ (ಲೇತಿನ ಹಿಂತುದಿಯ ಆಸರೆಯಲ್ಲಿ) ತಾನು ತಿರುಗದೆ ನಿಲ್ಲುವ ಸೆಂಟರ್, ಅಂದರೆ ತುಂಡಿಗೆ ಆಸರೆ ಕೊಡುವ ಮೊನೆ. ತಿರುಗುವುದು ಅದರ ಮೊನೆಗೆ ಆತುಕೊಂಡ ಕಬ್ಬಿಣದ ತುಂಡು. ಒಂದು ನಿಂತು ಇನ್ನೊಂದು ತಿರುಗಿದರೆ ಅಲ್ಲಿ ಉಜ್ಜಾಟವಾಗಿ ಕಾವು ಹುಟ್ಟುತ್ತದೆ, ಗ್ರೀಸ್ ಇಲ್ಲದಿದ್ದರೆ ಮೊನೆ ಸುಟ್ಟು ನೀಲಿಗಟ್ಟುತ್ತದೆ. ‘ನಿರ್ಜೀವ’ ಎಂಬ ಪದ ಇದರಲ್ಲಿ ಏನನ್ನೂ ಹೇಳುವುದಿಲ್ಲ. ‘ತಿರುಗದ ಸೆಂಟರ್’ ಎಂದು ತಿದ್ದಿ ಬರೆದ ಮೇಲೆ, ಗ್ರೀಸ್ ಏಕೆ ಬೇಕೆಂಬುದನ್ನು ನಾನು ಬೇರೆಯಾಗಿ ವಿವರಿಸಬೇಕಾದ ಅಗತ್ಯವೇ ಕಡಿಮೆಯಾಯಿತು.

ನನ್ನನ್ನು ನಿಜವಾಗಿ ಎಚ್ಚರಿಸಿದ್ದು ವಿದ್ಯುತ್ ಸುರಕ್ಷತೆಯ ಪಾಠ. ತಂತಿ ಡೆಡ್ ಆಗಿದೆಯೆಂದು ಖಚಿತಪಡಿಸಿಕೊಳ್ಳದೆ ಮುಟ್ಟಬಾರದು ಎಂಬ ಸೂಚನೆಯಲ್ಲಿ, ನಿರ್ಜೀವ ಎಂಬುದು ಪುಸ್ತಕದ ಮಾತಾಯಿತೆಂದು, ನಾನು ‘ಸತ್ತ ತಂತಿ’ ಎಂದು ಬರೆದಿದ್ದೆ. ಸವದತ್ತಿ ಕಡೆಯ ಒಬ್ಬ ಹುಡುಗ ಎದ್ದು ಕೇಳಿದ: “ಸರ, ಸತ್ತ ತಂತಿ ಅಂದ್ರ ಹರದು ಹೊಲದಾಗ ಬಿದ್ದಿರತೈತಲ್ಲ, ಅದೇನ್ರಿ?” ಆ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಹರಿದುಬಿದ್ದ ತಂತಿಯನ್ನು ಸತ್ತದ್ದೆಂದು ತಿಳಿಯುವುದು ಹೊಲದಲ್ಲಿ ಬೆಳೆದ ಹುಡುಗನಿಗೆ ಸಹಜ. ಆದರೆ ಅಂಥ ತಂತಿಯಲ್ಲಿ ಕರೆಂಟ್ ಇನ್ನೂ ಹರಿಯುತ್ತಿರಬಹುದು, ಜೀವ ತೆಗೆಯುವುದು ಅದೇ. ನನ್ನ ಅನುವಾದ ಎಚ್ಚರಿಕೆಯ ಮಾತನ್ನು ಅದರ ವಿರುದ್ಧಾರ್ಥಕ್ಕೆ ತಿರುಗಿಸಿತ್ತು. ಅಂದೇ ಆ ಪುಟವನ್ನು ಹರಿದು ಹೊಸದಾಗಿ ಬರೆದೆ. ಈಗ ಅಲ್ಲಿ ಹೀಗಿದೆ: “ಸ್ವಿಚ್ ತೆಗೆದು, ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ, ಕರೆಂಟ್ ಇರುವುದು ಖಾತ್ರಿಯಾದ ಜಾಗದಲ್ಲಿ ಟೆಸ್ಟರನ್ನು ಮೊದಲು ಪರೀಕ್ಷಿಸಿ, ಆಮೇಲೆ ತಂತಿಯನ್ನು ನೋಡಿ, ಟೆಸ್ಟರನ್ನು ಮತ್ತೊಮ್ಮೆ ಪರೀಕ್ಷಿಸಿ, ನಂತರ ತಂತಿಗೆ ಅರ್ಥಿಂಗ್ ಕೊಡಿ. ಇಷ್ಟಾದ ಮೇಲೆಯೇ ಅದು ಕರೆಂಟ್ ಇಲ್ಲದ ತಂತಿ.” ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಮೂರು ಸಾಲು ಖರ್ಚಾದವು. ಜೀವದ ಪ್ರಶ್ನೆ ಇರುವಲ್ಲಿ ಅದು ಹೆಚ್ಚಲ್ಲ.

ಅಲ್ಲಿಂದ ಮುಂದೆ ಒಂದು ಪದ್ಧತಿ ಇಟ್ಟುಕೊಂಡೆ. ‘ಡೆಡ್’ ಸಿಕ್ಕ ಪ್ರತಿ ವಾಕ್ಯವನ್ನೂ ಒಂದು ಚೀಟಿಯಲ್ಲಿ ಬರೆದು, ಕೆಳಗೆ “ಇಲ್ಲಿ ನಿಂತಿರುವುದು ಏನು?” ಎಂಬ ಪ್ರಶ್ನೆ ಹಾಕಿ, ಉತ್ತರ ಹೊಳೆಯುವವರೆಗೆ ಅನುವಾದಕ್ಕೆ ಕೈ ಹಚ್ಚುತ್ತಿರಲಿಲ್ಲ. ನಿಂತದ್ದು ತಿರುಗಾಟವೇ, ಕರೆಂಟೇ, ಬಳಕೆಯೇ, ಮಾರಾಟವೇ? ಅಂಗಡಿಯ ಡೆಡ್ ಸ್ಟಾಕ್ ಮಾರಾಟವಾಗದೆ ಉಳಿದ ಸರಕು. ಶಾಲೆಯ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ದಾಖಲಾಗುವ ಬೆಂಚು, ಕಪಾಟುಗಳಾದರೋ ದಿನವೂ ಬಳಕೆಯಲ್ಲಿರುತ್ತವೆ. ದನಕರುಗಳನ್ನು ಜೀವವಿರುವ ಆಸ್ತಿಯೆಂದೂ ನೇಗಿಲು ಗಾಡಿಗಳನ್ನು ಜೀವವಿಲ್ಲದ ಆಸ್ತಿಯೆಂದೂ ಬೇರ್ಪಡಿಸುವ ಇಂಗ್ಲಿಷ್ ಒಕ್ಕಲುತನದ ಲೆಕ್ಕದಲ್ಲಿಯೂ ಇದೇ ಪದವಿದೆ; ಶಾಲೆಯ ರಜಿಸ್ಟರಿನಲ್ಲಿರುವುದೂ ಈ ಜೀವವಿಲ್ಲದ ಆಸ್ತಿಯ ಅರ್ಥವೇ.

ಬೇಸಿಗೆಯಲ್ಲಿ ಪತ್ರಿಕೆಗಳು ಹಿಡಕಲ್ ಜಲಾಶಯ ಡೆಡ್ ಸ್ಟೋರೇಜ್ ಮಟ್ಟಕ್ಕೆ ಇಳಿಯುತ್ತಿದೆಯೆಂದು ಬರೆದಾಗ ಹುಡುಗರು ನೀರು ಕೆಟ್ಟಿದೆಯೆಂದು ತಿಳಿಯುತ್ತಾರೆ. 51 ಟಿಎಂಸಿ ಸಾಮರ್ಥ್ಯದ ಆ ಜಲಾಶಯದಲ್ಲಿ, ಹೊರಬಿಡುವ ದಾರಿಗಿಂತ ಕೆಳಗೆ ಉಳಿಯುವ ನೀರು ತಾನಾಗಿ ಹರಿದು ಹೋಗಲಾರದು ಎಂಬುದಷ್ಟೇ ಅದರ ಅರ್ಥ. ಅದರಲ್ಲಿ ಮೀನು ಬದುಕಿರುತ್ತದೆ, ಪಂಪು ಹಚ್ಚಿ ಎತ್ತಲೂಬಹುದು. ಕೆರೆಯ ತೂಬನ್ನು ಕಂಡವರಿಗೆ ‘ತೂಬಿನ ಕೆಳಗಿನ ನೀರು’ ಎಂದರೆ ಸಾಕು.

ಈ ಪ್ರಶ್ನೆಗೆ ಬಗ್ಗದ ಚೀಟಿಗಳು ಒಂದು ಕಟ್ಟಿನಷ್ಟು ಉಳಿದವು. ಡೆಡ್ ಸ್ಮೂತ್, ಡೆಡ್ ಮೈಲ್ಡ್, ಡೆಡ್ ಸ್ಲೋ ಇವುಗಳಲ್ಲಿ ಯಾವುದೂ ನಿಂತಿಲ್ಲ. ಡೆಡ್ ಮೈಲ್ಡ್ ಸ್ಟೀಲಿನಲ್ಲಿ ಇಂಗಾಲ ಸುಮಾರು 0.15 ಪ್ರತಿಶತಕ್ಕಿಂತ ಕಡಿಮೆ ಇರುವುದರಿಂದ ಅದು ತೀರ ಮೆತ್ತನೆಯ ಉಕ್ಕು. ಇಲ್ಲಿ ಆ ಪದ ಸಾವನ್ನು ಬಿಟ್ಟು ಪೂರ್ಣತೆಯನ್ನು ಹೇಳುತ್ತದೆ: ಸಾವು ಹೇಗೆ ಅರೆಬರೆಯಾಗಿರುವುದಿಲ್ಲವೋ ಹಾಗೆ. ಇದಕ್ಕೆ ಕನ್ನಡದಲ್ಲಿ ಏನಿದೆಯೆಂದು ಬಹಳ ದಿನ ಹುಡುಕಿದೆ. ಕೊನೆಗೆ ಅದು ನಮ್ಮ ಬಾಯಲ್ಲಿಯೇ ಇತ್ತು. ಗುರಿಯ ಡೆಡ್ ಸೆಂಟರ್ ಎಂದರೆ ನಮ್ಮ ‘ನಟ್ಟನಡು’; ರಾತ್ರಿಯ ವಿಷಯದಲ್ಲಿ ಇಂಗ್ಲಿಷಿನವರು ಇದೇ ಪದ ಬಳಸುವಲ್ಲಿ ನಮಗೆ ‘ನಟ್ಟಿರುಳು’ ಇದೆ. ತುತ್ತತುದಿ, ಕಟ್ಟಕಡೆ, ಬಟ್ಟಬಯಲು ಎಂದು ಪದದ ಮೊದಲನ್ನೇ ಬಿಗಿಮಾಡಿ ಪೂರ್ಣತೆಯನ್ನು ಹೇಳುವ ಶಕ್ತಿ ಕನ್ನಡಕ್ಕಿದೆ. ಇಂಜಿನ್ನಿನ ಪಿಸ್ಟನ್ ಮೇಲೇರಿ ಮುಟ್ಟುವ ಕೊನೆಯ ಜಾಗವಾದ ಟಾಪ್ ಡೆಡ್ ಸೆಂಟರನ್ನು ನಾನು ‘ಮೇಲಿನ ತುತ್ತತುದಿ’ ಎಂದು ಬರೆದದ್ದು ಈ ಧೈರ್ಯದಿಂದಲೇ. ಪಿಸ್ಟನ್ ಅಲ್ಲಿಗೆ ತಲುಪಿದಾಗ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಮತ್ತು ಅದು ತಿರುಗಿಸುವ ಕ್ರ್ಯಾಂಕ್ ಒಂದೇ ಗೆರೆಯಲ್ಲಿ ನಿಲ್ಲುವುದರಿಂದ ಎಷ್ಟು ಒತ್ತಿದರೂ ಕ್ರ್ಯಾಂಕ್ ತಿರುಗುವುದಿಲ್ಲ. ಅದನ್ನು ದಾಟಿಸುವುದು ಫ್ಲೈವೀಲ್ ಎಂಬ ಭಾರದ ಚಕ್ರದ ಓಟ. ಹೀಗೆ ಲೇತಿನಲ್ಲೊಂದು, ಇಂಜಿನ್ನಿನಲ್ಲೊಂದು, ಗುರಿಹಲಗೆಯಲ್ಲೊಂದು ಎಂದು ಒಂದೇ ಹೆಸರಿನ ಮೂರು ವಸ್ತುಗಳಿಗೆ ಮೂರು ಕನ್ನಡ ಪದಗಳಾದವು.

ಕನ್ನಡವೂ ಸಾವಿನ ಮಾತನ್ನು ಬೇರೆಡೆಗೆ ಧಾರಾಳವಾಗಿ ಬಳಸುತ್ತದೆ, ಆದರೆ ಅದರ ದಾರಿ ಬೇರೆ. ಮರ ನಮಗೆ ಸಾಯುವುದಿಲ್ಲ, ಒಣಗುತ್ತದೆ. ಬೆಂಕಿ ಆರುತ್ತದೆ, ಬಾವಿ ಬತ್ತುತ್ತದೆ. ಅದೇ ವೇಳೆಗೆ ಮಾತಾಡಲು ಅಂಜುವವನನ್ನು ‘ಬಾಯಿ ಸತ್ತವನು’ ಎನ್ನುತ್ತೇವೆ, ದಣಿದವನು ‘ಸತ್ತು ಸುಣ್ಣವಾದೆ’ ಎನ್ನುತ್ತಾನೆ, ಎತ್ತಲಾಗದ ಮೂಟೆಯನ್ನು ‘ಹೆಣಭಾರ’ ಎನ್ನುತ್ತೇವೆ. ಈ ಕೊನೆಯದನ್ನು ಕಟ್ಟಡದ ಡೆಡ್ ಲೋಡಿಗೆ ಬಳಸುವ ಆಸೆ ನನಗಿತ್ತು. ಆದರೆ ಡೆಡ್ ಲೋಡ್ ಎಂದರೆ ಗೋಡೆ, ಚಾವಣಿ, ತೊಲೆಗಳ ಸ್ವಂತ ತೂಕ, ಜನರೂ ಸಾಮಾನುಗಳೂ ಬಂದು ಹೋಗುವ ಭಾರಕ್ಕಿಂತ ಬೇರೆಯಾದದ್ದು. ಭಾರತೀಯ ಮಾನಕ ಐಎಸ್ 875 ಕೂಡ ಇವೆರಡನ್ನು ಬೇರೆ ಬೇರೆ ಭಾಗಗಳಲ್ಲಿ ಇಟ್ಟಿದೆ. ಆದ್ದರಿಂದ ‘ಮೈಭಾರ’ ಎಂದು ಬರೆದೆ.

ಡೆಡ್‌ಲೈನಿಗೆ ‘ಗಡುವು’ ಸಿದ್ಧವಾಗಿಯೇ ಇತ್ತು. ಆದರೂ ಅದರ ಹಿಂದಿನ ಕಥೆಯನ್ನು ಹುಡುಗರಿಗೆ ಹೇಳುತ್ತೇನೆ: ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಆಂಡರ್ಸನ್‌ವಿಲ್ ಸೆರೆಶಿಬಿರದ ಬೇಲಿಯ ಒಳಗಡೆ ಒಂದು ಗೆರೆಯಿತ್ತು, ಅದನ್ನು ದಾಟಿದ ಕೈದಿಗೆ ಕಾವಲುಗಾರರು ಗುಂಡು ಹೊಡೆಯುತ್ತಿದ್ದರು. ಕೆಲಸ ಮುಗಿಸಬೇಕಾದ ಸಮಯ ಎಂಬ ಅರ್ಥ ಅದಕ್ಕೆ ಬಂದದ್ದು ಆಮೇಲೆ.

ಕಳೆದ ವಾರ ಡೆಡ್ ಬ್ಲೋ ಸುತ್ತಿಗೆಯ ಚೀಟಿ ಬಂತು. ತಲೆಯೊಳಗೆ ಉಸುಕು ಇಲ್ಲವೆ ಸಣ್ಣ ಗುಂಡುಗಳನ್ನು ತುಂಬಿರುವುದರಿಂದ, ಹೊಡೆದಾಗ ಅದು ಹಿಂದಕ್ಕೆ ಪುಟಿಯುವುದಿಲ್ಲ. ನಾನು ಹೆಸರು ಯೋಚಿಸುತ್ತಿರುವಾಗಲೇ ಒಬ್ಬ ಹುಡುಗ ಅದನ್ನು ಎತ್ತಿ ಬೆಂಚಿನ ಮೇಲೆ ಎರಡು ಸಲ ಬಡಿದು ನೋಡಿ, “ಇದು ಪುಟಿಲಾರದ ಸುತಗಿ ನೋಡ್ರಿ ಸರ” ಎಂದ. ಚೀಟಿಯಲ್ಲಿ ಅದನ್ನೇ ಬರೆದುಕೊಂಡೆ.