ಹೊಸ ಸಹಸ್ರಪದಿಗೆ ಹೆಸರಿಡಬೇಕಾದರೆ ಮೊದಲು ಏಳನೆಯ ಉಂಗುರ ನೋಡಿ

ಮಳೆ ಹಿಡಿದ ಮೇಲೆ ಬೊರಿವಲಿಯ ಕಾಡು, ತಾಮ್ಹಿಣಿ ಘಾಟ್, ಗೋವಾದ ಮೊಲೆಮ್, ಎಲ್ಲಿ ತರಗೆಲೆ ಕೆದಕಿದರೂ ಸಹಸ್ರಪದಿ ಸಿಗುತ್ತದೆ. ಅದು ಹೊಸ ಪ್ರಭೇದವೋ ಅಲ್ಲವೋ ಎಂಬುದನ್ನು ಬಣ್ಣ, ಉದ್ದ ನೋಡಿ ಹೇಳಲಾಗದು. ಬಹುತೇಕ ಗುಂಪುಗಳಲ್ಲಿ ಅದನ್ನು ತೀರ್ಮಾನಿಸುವುದು ಬೆಳೆದ ಗಂಡಿನ ಗೊನೊಪಾಡ್, ಅಂದರೆ ಹೆಣ್ಣಿಗೆ ವೀರ್ಯ ದಾಟಿಸಲು ರೂಪ ಬದಲಿಸಿಕೊಂಡ ಕಾಲು. ಅದು ಇರುವುದು ಏಳನೆಯ ಉಂಗುರದಲ್ಲಿ. ಉಂಡೆಯಾಗಿ ಸುತ್ತಿಕೊಳ್ಳುವ ಆರ್ಥ್ರೊಸ್ಫೇರಾ ಇದಕ್ಕೆ ಹೊರತು. ಅಲ್ಲಿ ನೋಡಬೇಕಾದ್ದು ಗಂಡಿನ ಮೈಯ ತುದಿಯಲ್ಲಿರುವ ಕೊನೆಯ ಕಾಲುಗಳನ್ನು. ಮುಂಬೈ, ಪುಣೆಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು ಈ ಕೆಲಸಕ್ಕೆ ಇಳಿಯುವುದಾದರೆ ಕ್ರಮ ಹೀಗಿದೆ.

ಮೊದಲು ಅನುಮತಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಹುಳುವನ್ನೂ ತರುವಂತಿಲ್ಲ. ಆ ಪತ್ರದ ಸಂಖ್ಯೆ ಮುಂದೆ ಪ್ರಬಂಧದಲ್ಲೂ ಬೇಕಾಗುತ್ತದೆ.

ಒಂದೇ ಗಂಡು ಸಾಲದು. ಒಂದೇ ಜಾಗದ ಮೂರು ನಾಲ್ಕು ಬೆಳೆದ ಗಂಡುಗಳು, ಜೊತೆಗೆ ಹೆಣ್ಣುಗಳೂ ಇದ್ದರೆ ಪ್ರಭೇದದೊಳಗಿನ ವ್ಯತ್ಯಾಸ ಎಷ್ಟು ಎಂಬುದು ತಿಳಿಯುತ್ತದೆ. ಬದುಕಿದ್ದಾಗಲೇ ಫೋಟೊ ತೆಗೆಯಿರಿ, ಎಥನಾಲ್‌ನಲ್ಲಿ ಬಣ್ಣ ಉಳಿಯುವುದಿಲ್ಲ. ಚಪ್ಪಟೆ ಬೆನ್ನಿನ ಪಾಲಿಡೆಸ್ಮಿಡಗಳು ಸೈನೈಡ್ ಬಿಡುತ್ತವೆ, ಬಾದಾಮಿ ವಾಸನೆ ಬರುವುದು ಇವುಗಳಿಂದಲೇ. ಇವನ್ನು ಬೇರೆ ಹುಳುಗಳ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಅವು ಸಾಯುತ್ತವೆ. ಕೊಳವೆ ಮೈಯ ದೊಡ್ಡವು ಉಗುಳುವ ಕ್ವಿನೋನ್ ಚರ್ಮಕ್ಕೆ ಕಂದು ಕಲೆ ಹಿಡಿಸುತ್ತದೆ, ಕಣ್ಣಿಗೆ ತಾಗಿದರೆ ಉರಿ ತಡೆಯಲಾಗದು. ಕೈಗವಸು ಹಾಕಿಕೊಳ್ಳಿ.

ಸಂರಕ್ಷಣೆಗೆ 70ರಿಂದ 80 ಶೇಕಡಾ ಎಥನಾಲ್ ಸಾಕು. ಶುದ್ಧ ಎಥನಾಲ್‌ನಲ್ಲಿಟ್ಟ ಮೈ ಪೆಡಸಾಗಿ, ಬಿಡಿಸುವಾಗ ಮುರಿಯುತ್ತದೆ. ಆದ್ದರಿಂದ ಡಿಎನ್‌ಎಗೆಂದು ಒಂದೆರಡು ಕಾಲುಗಳನ್ನು ಮಾತ್ರ ಬೇರೆ ಸೀಸೆಯಲ್ಲಿ ಶುದ್ಧ ಎಥನಾಲ್‌ಗೆ ಹಾಕಿ ಫ್ರೀಜರ್‌ನಲ್ಲಿಡಿ. ಮೊದಲ ದಿನ ಸ್ರಾವದಿಂದ ದ್ರವ ಕಪ್ಪಾಗುತ್ತದೆ. ಮಾರನೆಯ ದಿನ ಬದಲಿಸಿ. ಸುರುಳಿ ಸುತ್ತಿಕೊಂಡೇ ಬಿಗಿದ ಹುಳುವಿನಲ್ಲಿ ಏಳನೆಯ ಉಂಗುರ ಒಳಗೆ ಸಿಕ್ಕಿಬೀಳುತ್ತದೆ, ಮೈ ಮೆದುವಾಗಿರುವಾಗಲೇ ಮೆಲ್ಲಗೆ ನೀಳವಾಗಿ ಎಳೆದು ಮಲಗಿಸಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ, ಬಾಲ್‌ಪೆನ್ ಶಾಯಿ ಕರಗಿಹೋಗುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು, ಜೊತೆಗೆ ಮುರಕಲ್ಲಿನ ಹಾಸೋ ಕೊಳೆತ ದಿಮ್ಮಿಯೋ ಎಂಬ ವಿವರ, ಇಷ್ಟೂ ಇರಲಿ. ಗೋವಾದ ಊರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನಿರ್ದೇಶಾಂಕವಿಲ್ಲದ ಚೀಟಿಯಿಂದ ಆಮೇಲೆ ಆ ಜಾಗ ಹುಡುಕುವುದು ಕಷ್ಟ.

ಇನ್ನು ಮೈಕ್ರೊಸ್ಕೋಪ್. ಸ್ಟೀರಿಯೊ ಮೈಕ್ರೊಸ್ಕೋಪ್ ಕೆಳಗೆ, ಎಥನಾಲ್ ತುಂಬಿದ ತಟ್ಟೆಯಲ್ಲಿ ಹುಳುವನ್ನು ಅಂಗಾತ ಮಲಗಿಸಿ ಎಣಿಸಿ. ತಲೆಯನ್ನು ಎಣಿಕೆಗೆ ಸೇರಿಸಬೇಡಿ. ತಲೆಯ ಹಿಂದಿನ ಕಾಲಿಲ್ಲದ ಕೊರಳಪಟ್ಟಿಯೇ ಒಂದನೆಯ ಉಂಗುರ. ಪಾಲಿಡೆಸ್ಮಿಡಗಳಲ್ಲಿ ಎರಡು, ಮೂರು, ನಾಲ್ಕರಲ್ಲಿ ತಲಾ ಒಂದು ಜೊತೆ ಕಾಲು, ಐದರಿಂದ ಮುಂದೆ ಎರಡೆರಡು ಜೊತೆ. ಪಾಲಿಡೆಸ್ಮಿಡ ಗಂಡಾದರೆ ಏಳನೆಯದರಲ್ಲಿ ಮುಂದಿನ ಜೊತೆಯ ಜಾಗದಲ್ಲಿ ಗೊನೊಪಾಡ್, ಹಿಂದೆ ಒಂದು ಜೊತೆ ನಡೆಯುವ ಕಾಲು. ಕೊಳವೆ ಮೈಯ ಸ್ಪೈರೊಬೋಲಿಡ, ಸ್ಪೈರೊಸ್ಟ್ರೆಪ್ಟಿಡಗಳ ಗಂಡಿನಲ್ಲಿ ಆ ಉಂಗುರಕ್ಕೆ ನಡೆಯುವ ಕಾಲೇ ಇಲ್ಲ. ಬರೀ ಮೊಳಕೆಯಂಥ ಗಂಟು ಕಂಡರೆ ಅದು ಇನ್ನೂ ಬೆಳೆಯದ ಗಂಡು, ಅದರ ಮೇಲೆ ಪ್ರಭೇದ ವರ್ಣಿಸುವುದು ಬೇಡ.

ಗೊನೊಪಾಡ್ ಬಿಡಿಸಲು ತುದಿ ಬಾಗಿಸಿದ ತೀರಾ ಸಣ್ಣ ಸೂಜಿ ಬೇಕು. ಬುಡದ ಪೊರೆಯನ್ನು ಸುತ್ತಲೂ ಸೀಳಿ, ಬುಡದಿಂದಲೇ ಎತ್ತಿ. ತುದಿ ಹಿಡಿದು ಎಳೆದರೆ ವೀರ್ಯನಾಳ ಸಾಗುವ ಸಪೂರ ಕವಲು ಮುರಿಯುತ್ತದೆ. ಹಲವು ಪ್ರಭೇದಗಳನ್ನು ಬೇರ್ಪಡಿಸುವ ಲಕ್ಷಣ ಅಲ್ಲೇ ಇರುತ್ತದೆ. ಪಾಲಿಡೆಸ್ಮಿಡಗಳಲ್ಲಿ ಒಂದನ್ನು ಮಾತ್ರ ತೆಗೆದು ಇನ್ನೊಂದನ್ನು ಮೈಯಲ್ಲೇ ಬಿಡಿ. ತೆಗೆದದ್ದನ್ನು ಗ್ಲಿಸರಿನ್ ಹಾಕಿದ ಗುಳಿಯುಳ್ಳ ಸ್ಲೈಡ್‌ನಲ್ಲಿಟ್ಟು ಹೊರಳಿಸಿ ಹೊರಳಿಸಿ ನೋಡಿ. ಬಾಲ್ಸಮ್ ಎಂಬ ಅಂಟಿನಲ್ಲಿ ಶಾಶ್ವತವಾಗಿ ಕೂರಿಸಿದರೆ ಒಂದೇ ಕೋನ ಉಳಿಯುತ್ತದೆ, ಹಾಗೆ ಮಾಡಬೇಡಿ. ಹೊರಬದಿ, ಒಳಬದಿ ಎರಡನ್ನೂ ಅಳತೆಗೀಟಿನೊಂದಿಗೆ ಚಿತ್ರಿಸಿ, ಆಮೇಲೆ ಪುಟ್ಟ ಸೀಸೆಯಲ್ಲಿ ಹಾಕಿ ಅದನ್ನು ತೆಗೆದ ಹುಳುವಿನ ಜೊತೆಗೇ ಇಡಿ.

ಹೋಲಿಕೆಯೇ ನಿಧಾನದ ಕೆಲಸ, ಅವಸರ ಮಾಡುವವರು ಎಡವುವುದೂ ಇಲ್ಲೇ. ನಗರದ ತೋಟದಲ್ಲಿ ಸಿಕ್ಕ ಕೆಂಗಂದು ಹುಳು ಆಗ್ನೇಯ ಏಷ್ಯಾದಿಂದ ಬಂದು ನೆಲೆಸಿದ ಟ್ರಿಗೋನಿಯುಲಸ್ ಕೊರಾಲಿನಸ್ ಆಗಿರಬಹುದು; ಇಂಥ ವಲಸಿಗರನ್ನು ಮೊದಲು ತೆಗೆದುಹಾಕಿ. ಆಮೇಲೆ ಸಹಸ್ರಪದಿಗಳ ಹೆಸರುಗಳ ಮಿಲ್ಲಿಬೇಸ್ ದತ್ತಾಂಶದಲ್ಲಿ ಆ ಕುಲದ ಎಲ್ಲ ಹೆಸರುಗಳನ್ನೂ ಪಟ್ಟಿ ಮಾಡಿ ಪ್ರತಿಯೊಂದರ ಮೂಲ ವರ್ಣನೆ ಓದಬೇಕು. ಭಾರತದ ಸಹಸ್ರಪದಿಗಳ ಬಗ್ಗೆ ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಆಟೆಮ್ಸ್ 1936ರಲ್ಲಿ ಪ್ರಕಟಿಸಿದ ದೊಡ್ಡ ಪ್ರಬಂಧ ಇಂದಿಗೂ ಬೇಕೇಬೇಕು. ಹಳೆಯ ವರ್ಣನೆಗಳಲ್ಲಿ ಎಷ್ಟೋ ಸಲ ಒಂದೇ ಕೋನದ ಚಿತ್ರವಿರುತ್ತದೆ. ನಿಮ್ಮ ಗೊನೊಪಾಡನ್ನು ಅದೇ ಕೋನಕ್ಕೆ ತಿರುಗಿಸಿ ನೋಡದಿದ್ದರೆ ಇಲ್ಲದ ವ್ಯತ್ಯಾಸ ಕಾಣಿಸುತ್ತದೆ. ಚಿತ್ರ ಸಾಲದಿದ್ದರೆ ವಿಯೆನ್ನಾ, ಜಿನೀವಾ, ಲಂಡನ್ ಸಂಗ್ರಹಾಲಯಗಳಲ್ಲಿರುವ, ಆ ಪ್ರಭೇದಗಳಿಗೆ ಹೆಸರಿಡುವಾಗ ಆಧಾರವಾದ ಮೂಲ ಮಾದರಿಗಳ ಫೋಟೊ ಕೇಳಿ ತರಿಸಿಕೊಳ್ಳಿ. ಡಿಎನ್‌ಎಯ 658 ಅಕ್ಷರಗಳ ಬಾರ್‌ಕೋಡ್ ನೆರವಿಗೆ ಬರುತ್ತದೆ ನಿಜ, ಆದರೆ ಹೆಚ್ಚು ದೂರ ನಡೆಯದ ಈ ಜೀವಿಗಳಲ್ಲಿ ಒಂದೇ ಪ್ರಭೇದದ ಎರಡು ಗುಡ್ಡಗಳ ಸಂತತಿಗಳ ನಡುವೆಯೂ ದೊಡ್ಡ ಅಂತರ ಇರಬಹುದು. ಅಂತರವೊಂದನ್ನೇ ನೆಚ್ಚಿ ಹೊಸ ಹೆಸರು ಇಡಬೇಡಿ.

ಬರವಣಿಗೆಯಲ್ಲಿ ವರ್ಣನೆ ಬೇರೆ, ಡಯಾಗ್ನೋಸಿಸ್ ಬೇರೆ. ವರ್ಣನೆಯಲ್ಲಿ ಉಂಗುರಗಳ ಸಂಖ್ಯೆ, ಉದ್ದ, ಅಗಲ, ಕಾಲು, ಗೊನೊಪಾಡ್ ಎಲ್ಲವೂ ಬರುತ್ತವೆ. ಡಯಾಗ್ನೋಸಿಸ್‌ನಲ್ಲಿ ಹತ್ತಿರದ ಪ್ರಭೇದಗಳನ್ನು ಹೆಸರಿಸಿ, ಯಾವ ಲಕ್ಷಣದಿಂದ ಇದು ಬೇರೆ ಎಂದು ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕು. ಒಂದೇ ಒಂದು ಗಂಡನ್ನು ಹೊಲೊಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಮಾದರಿ, ಎಂದು ಸ್ಪಷ್ಟವಾಗಿ ಆರಿಸಿ, ಉಳಿದವನ್ನು ಪ್ಯಾರಾಟೈಪ್, ಅಂದರೆ ಜೊತೆ ಮಾದರಿಗಳು, ಮಾಡಿ. ಹೊಲೊಟೈಪನ್ನು ಇಡುವ ಸಂಗ್ರಹಾಲಯದ ಹೆಸರು, ಊರು ಪ್ರಬಂಧದಲ್ಲಿರಬೇಕು: ಅಂತರರಾಷ್ಟ್ರೀಯ ಪ್ರಾಣಿ ನಾಮಕರಣ ನಿಯಮದಂತೆ 1999ರ ನಂತರದ ಹೆಸರುಗಳಿಗೆ ಇದು ಕಡ್ಡಾಯ. ಪುಣೆಯ ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರವಿದೆ. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ವಿಧಿಯೂ ಹೊಸ ಜೀವಿಯ ಮಾದರಿಯನ್ನು ನಿಗದಿತ ಭಂಡಾರಕ್ಕೆ ಒಪ್ಪಿಸಲೇಬೇಕು ಎನ್ನುತ್ತದೆ. ಪ್ರಬಂಧ ಕಳಿಸುವ ಮೊದಲೇ ನೋಂದಣಿ ಸಂಖ್ಯೆ ಪಡೆದಿಡಿ.

ಊರಿನ ಹೆಸರಿನಿಂದ ಪ್ರಭೇದದ ಹೆಸರು ಕಟ್ಟುವುದಾದರೆ ಕುಲದ ಹೆಸರಿನ ವ್ಯಾಕರಣದ ಲಿಂಗ ನೋಡಿ: ಡೆಸ್ಮಸ್ ಎಂದು ಮುಗಿಯುವ ಕುಲಕ್ಕೆ ಎನ್ಸಿಸ್, ಸೋಮ ಎಂದು ಮುಗಿಯುವುದಕ್ಕೆ ಎನ್ಸೆ. ಹೆಣ್ಣುಮಗಳೊಬ್ಬರ ಗೌರವಕ್ಕಾದರೆ ಕೊನೆಗೆ ಏ (-ae), ಗಂಡಸಿಗಾದರೆ ಈ (-i). ಪತ್ರಿಕೆ ಅಂತರ್ಜಾಲದಲ್ಲಿ ಮಾತ್ರ ಹೊರಬರುವುದಾದರೆ ಪ್ರಬಂಧವನ್ನು ಮುಂಚೆಯೇ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ನೋಂದಣಿಯ ಗುರುತನ್ನು ಪಿಡಿಎಫ್‌ನ ಒಳಗೇ ಮುದ್ರಿಸಿರಬೇಕು. ಇಲ್ಲದಿದ್ದರೆ ನಿಯಮದ ಪ್ರಕಾರ ಆ ಹೆಸರಿಗೆ ಮಾನ್ಯತೆಯಿಲ್ಲ.