ಗುಜರಿಗೆ ಹಾಕುವ ಮುನ್ನ ನೋಡಿ: ಹಳೆ ಟ್ರ್ಯಾಕ್ಟರ್ ರಿಪೇರಿ ಸಾಮಾನು ಗುರುತಿಸುವುದು ಹೇಗೆ?

ಕಲಬುರಗಿ ಸುತ್ತಮುತ್ತಲ ಹಳ್ಳಿಗಳಲ್ಲಿ ಎಷ್ಟೋ ಮನೆಯವರು ಹಳೆ ಟ್ರ್ಯಾಕ್ಟರ್ ಮಾರಿಬಿಟ್ಟಿದ್ದಾರೆ. ಅದರ ರಿಪೇರಿ ಪೆಟ್ಟಿಗೆ ಮಾತ್ರ ತೊಗರಿ ಚೀಲಗಳ ಹಿಂದೆ ಬಿದ್ದಿರುತ್ತದೆ. ಗುಜರಿಯವರು ಬಂದರೆ ಕೆಜಿ ಲೆಕ್ಕದಲ್ಲಿ ತೂಗಿ ಒಯ್ಯುತ್ತಾರೆ. ಸ್ವಲ್ಪ ತಡೆಯಿರಿ. ಅದರೊಳಗಿನ ಕೆಲವು ಸಾಮಾನು ಈಗ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಳೆ ಮ್ಯಾಸಿಯನ್ನೋ ಎಚ್‌ಎಂಟಿಯನ್ನೋ ಇನ್ನೂ ಓಡಿಸುತ್ತಿರುವ ರೈತರಿಗೆ, ಅದನ್ನು ಬಿಚ್ಚುವ ಮಿಸ್ತ್ರಿಗೆ ಅವು ಬೇಕೇ ಬೇಕು.

ಮೊದಲು ತೊಳೆಯಿರಿ. ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಸಿ, ಬೆಳಿಗ್ಗೆ ಬ್ರಷ್‌ನಿಂದ ಉಜ್ಜಿ. ಗ್ರೈಂಡರ್ ಹಿಡಿಯಲೇಬೇಡಿ. ತುಕ್ಕಿನ ಜೊತೆ ನಂಬರೂ ಹೋಗುತ್ತದೆ. ಒಣಗಿದ ಮೇಲೆ ಸೀಮೆಸುಣ್ಣ ಸವರಿ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಕೊರೆದ ಅಕ್ಷರದ ಗೀರಿನಲ್ಲಿ ಬಿಳಿ ಪುಡಿ ನಿಂತು, ಕಾಣದೇ ಇದ್ದ ನಂಬರ್ ಎದ್ದು ಬರುತ್ತದೆ.

ಇನ್ನು ಓದಿ. 'ಚರ್ಚಿಲ್' ಅಂತ ಇದ್ದರೆ ಅದು ಟ್ರ್ಯಾಕ್ಟರ್ ಹೆಸರಲ್ಲ. ಮ್ಯಾಸಿ ಫರ್ಗುಸನ್‌ನಂಥ ಕಂಪನಿಗಳಿಗೆ ಸರ್ವಿಸ್ ಸಾಮಾನು ಮಾಡಿಕೊಡುತ್ತಿದ್ದ ಬ್ರಿಟಿಷ್ ಕಂಪನಿ ಅದು. ಪಕ್ಕದಲ್ಲಿ 'ಎಂಎಫ್' ಮತ್ತು ಅಂಕಿ ಇದ್ದರೆ ಮ್ಯಾಸಿಯದ್ದು. 'ಒಟಿಸಿ' ಅಂದರೆ ಅಮೆರಿಕದ ಒವಟೋನಾ ಟೂಲ್ ಕಂಪನಿ.

ಪಾನಾ ವಿಷಯದಲ್ಲಿ ಜಾಸ್ತಿ ಗೊಂದಲ ಆಗುವುದು ಅಳತೆಯಲ್ಲಿ. '1/2 ಡಬ್ಲ್ಯು' (ವಿಟ್‌ವರ್ತ್ ಅನ್ನುವ ಹಳೆ ಬ್ರಿಟಿಷ್ ಅಳತೆ) ಅಂತ ಇದ್ದರೆ ಅರ್ಧ ಇಂಚು ಅನ್ನುವುದು ಬೋಲ್ಟ್‌ನ ದಪ್ಪ. ಪಾನಾದ ಬಾಯಿ ಸುಮಾರು 23.4 ಮಿಮೀ ಇರುತ್ತದೆ. '1/2 ಎಎಫ್' (ಅಕ್ರಾಸ್ ಫ್ಲ್ಯಾಟ್ಸ್, ಅಂದರೆ ನಟ್‌ನ ಎದುರುಬದುರು ಮುಖಗಳ ನಡುವಿನ ಅಳತೆ) ಆದರೆ ಬಾಯಿಯೇ ಅರ್ಧ ಇಂಚು, ಅಂದರೆ 12.7 ಮಿಮೀ. ಮ್ಯಾಸಿ 35ಕ್ಕೆ ಎಎಫ್ ಪಾನಾ ಹೊಂದುತ್ತದೆ. ಎಚ್‌ಎಂಟಿ ಜೆಟಾರ್ ಮೂಲ ಚೆಕೊಸ್ಲೊವಾಕಿಯಾದ್ದು, ಅದಕ್ಕೆ ಮಿಮೀ ಪಾನಾ. ಹತ್ತಿರದ ಸೈಜ್ ಅಂತ ಸುಮ್ನೆ ಹಾಕಿ ತಿರುಗಿಸಿದರೆ ನಟ್‌ನ ಮೂಲೆ ಸವೆದು ಹೋಗುತ್ತದೆ. ಪಾನಾದ ಹಿಡಿ ಮೇಲೆ ಇಂಚಿನ ಗೀಟುಗಳಿದ್ದರೆ ಅದು ಫರ್ಗುಸನ್ ಪಾನಾ ಇರಬಹುದು. ನೇಗಿಲು, ಸಾಲಿನ ಅಂತರ ಅಳೆಯಲು ಅದೇ ಸ್ಕೇಲ್. ಅಂಥದ್ದು ಸಿಕ್ಕರೆ ಜೋಪಾನ ಮಾಡಿ.

ಪೆಟ್ಟಿಗೆಯಲ್ಲಿ ದಪ್ಪ ದುಂಡು ಪ್ಲೇಟ್, ನಡುವೆ ತೂತು, ಉದ್ದ ಸ್ಕ್ರೂ ಇದೆಯಾ? ಅದು ಲೈನರ್ ಪುಲ್ಲರ್. ಲೈನರ್ ಅಂದರೆ ಇಂಜಿನ್ ಒಳಗೆ ಪಿಸ್ಟನ್ ಓಡಾಡುವ ಕೊಳವೆ. ಇಂಜಿನ್ ಬೋರ್ ಮಾಡಿಸುವಾಗ ಹಳೆ ಲೈನರ್ ಎಳೆದು ತೆಗೆಯುವುದು ಇದರಿಂದಲೇ. ಪ್ಲೇಟ್‌ನ ಅಂಚು ನೋಡಿ, ಎರಡು ಮೆಟ್ಟಿಲು ಇರುತ್ತದೆ. ಚಿಕ್ಕ ಮೆಟ್ಟಿಲು ಲೈನರ್ ಒಳಗೆ ಕೂರುತ್ತದೆ, ದೊಡ್ಡದು ಅದರ ಕೆಳಗಿನ ಅಂಚಿಗೆ ಒತ್ತಿ ಹಿಡಿಯುತ್ತದೆ. ಚಿಕ್ಕ ಮೆಟ್ಟಿಲನ್ನು ವರ್ನಿಯರ್‌ನಿಂದ ಅಳೆಯಿರಿ. ವರ್ನಿಯರ್ ಇಲ್ಲದಿದ್ದರೆ ಲೇತ್ ಅಂಗಡಿಗೆ ಒಯ್ಯಿರಿ. ಅಳತೆ ಬೋರಿಗಿಂತ, ಅಂದರೆ ಲೈನರ್‌ನ ಒಳ ಅಗಲಕ್ಕಿಂತ, ಕೂದಲೆಳೆಯಷ್ಟು ಕಡಿಮೆ ಬರಬೇಕು. ಮ್ಯಾಸಿಯ ಮೂರು ಸಿಲಿಂಡರ್ ಪರ್ಕಿನ್ಸ್ ಇಂಜಿನ್ ಬೋರ್ 91.4 ಮಿಮೀ. ಇಂಟರ್‌ನ್ಯಾಷನಲ್ ಬಿ-275ದ್ದು 85.7. 1971ರಿಂದ ಹರಿಯಾಣದ ಪಿಂಜೋರ್‌ನಲ್ಲಿ ತಯಾರಾದ ಎಚ್‌ಎಂಟಿ ಜೆಟಾರ್ 2511ರದ್ದು 95. ಮೂರರ ನಡುವೆ ಇಷ್ಟು ಅಂತರ ಇರುವುದರಿಂದ ಗುರುತು ತಪ್ಪುವುದು ಕಷ್ಟ.

ಮೆಟ್ಟಿಲು ಮೆಟ್ಟಿಲಾಗಿ ಸಣ್ಣಗಾಗುವ ಗುಂಡು ಸರಳು ಇದ್ದರೆ ಕ್ಲಚ್ ಪ್ಲೇಟ್ ನಡುವೆ ಕೂರಿಸುವ ಸಾಮಾನು ಇರಬೇಕು. ತುದಿ ಫ್ಲೈವೀಲ್ ಬೇರಿಂಗ್‌ಗೆ ಹೋಗುತ್ತದೆ, ದಪ್ಪ ಭಾಗ ಪ್ಲೇಟ್‌ಗೆ. ಪುಸ್ತಕ ಹುಡುಕುವುದಕ್ಕಿಂತ ಬಿಡಿಭಾಗದ ಅಂಗಡಿಗೆ ಒಯ್ದು, 'ಅಣ್ಣಾ, ಈ ಪ್ಲೇಟ್‌ಗೆ ಹಾಕಿ ನೋಡ್ರಿ' ಅನ್ನಿ. ಅಲುಗಾಡದೆ ಕೂತರೆ ಗಾಡಿ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.

ಗುರುತು ಸಿಕ್ಕ ಮೇಲೆ ಗಾಡಿ ಹೆಸರು, ಅಳತೆ ಬರೆದ ತಗಡಿನ ಚೀಟಿಯನ್ನು ತಂತಿಯಿಂದ ಕಟ್ಟಿ, ಗ್ರೀಸ್ ಸವರಿ ಇಡಿ. ಪುಲ್ಲರ್ ಸ್ಕ್ರೂನ ಆಟೆ (ಥ್ರೆಡ್) ಸವೆದಿದ್ದರೆ ಲೇತ್‌ನಲ್ಲಿ ಹೊಸದು ಮಾಡಿಸಬಹುದು. ಪ್ಲೇಟ್‌ನಲ್ಲೇ ಬಿರುಕು ಇದ್ದರೆ ವೆಲ್ಡಿಂಗ್ ಮಾಡಿಸಿ ಬಳಸಬೇಡಿ. ಬಿಗಿ ಹೆಚ್ಚಾದಾಗ ಅದು ಸಿಡಿಯಬಹುದು. ಹೊಸ ಪ್ಲೇಟ್ ಕಡೆಸಲು ಅಳತೆಗೆ ಮಾತ್ರ ಇಟ್ಟುಕೊಳ್ಳಿ.